‘ಇಕೋ ಫ್ರೆಂಡ್ಲಿ ಮರದ ನೆಲ’ ಅಂದರೆ ನಂಬಬೇಡಿ, ತುಂಡು ಮುರಿದು ನೋಡಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಗೆ ‘ನ್ಯಾಚುರಲ್ ವುಡನ್ ಫ್ಲೋರಿಂಗ್’ ಹಾಕಿಸಲು ಹೊರಟವರು ದಯವಿಟ್ಟು ಇದನ್ನು ಓದಿ. ಶಿವಮೊಗ್ಗದ ಒಂದು ಅಂಗಡಿಯವರು ಮರ ಅಂತ ನಮಗೆ ಕೊಟ್ಟಿದ್ದು ಮರವೇ ಅಲ್ಲ.

ನಮ್ಮ ಅಮ್ಮನಿಗೆ ಉಬ್ಬಸ ಇದೆ. ಮಳೆಗಾಲದಲ್ಲಿ ಕಾವಿ ನೆಲ ಕೊರೆಯುತ್ತದೆ ಅಂತ ಅವರ ಕೋಣೆಗೆ ಮಾತ್ರ ಬೆಚ್ಚಗಿನ ನೆಲ ಬೇಕಿತ್ತು. ಕೆಮಿಕಲ್ ಇರಲೇಬಾರದು ಎಂದು ಮೊದಲೇ ಹೇಳಿದ್ದೆವು. “ಪೂರ್ತಿ ನ್ಯಾಚುರಲ್ ಮೇಡಂ, ಮಗು ಮಲಗಿಸಿದ್ರೂ ಏನೂ ಆಗಲ್ಲ” ಅಂದರು. ಪೆಟ್ಟಿಗೆ ಮೇಲೆ ಹಸಿರು ಎಲೆಯ ಚಿತ್ರವೂ ಇತ್ತು. ಅವರದೇ ಕೆಲಸಗಾರರು ಬಂದು ಕಾವಿ ನೆಲದ ಮೇಲೆ ತೆಳು ಫೋಮ್ ಹಾಸಿ, ಹಲಗೆಗಳನ್ನು ಸಿಕ್ಕಿಸಿ ಹೋದರು.

ಕೋಣೆಯಲ್ಲಿ ಮೊದಲ ದಿನದಿಂದಲೇ ಘಾಟು. “ಹೊಸದಲ್ವಾ, ಹೋಗುತ್ತೆ” ಅಂದರು. ಬೇಸಿಗೆಯಲ್ಲಿ ಕಿಟಕಿ ತೆರೆದಿರುತ್ತಿತ್ತು, ಹೇಗೋ ನಡೆಯಿತು. ಆರಿದ್ರಾ ಮಳೆ ಹಿಡಿದು ಕಿಟಕಿ ಮುಚ್ಚಿದ ಮೇಲೆ ಘಾಟು ಜಾಸ್ತಿಯಾಯಿತು. ಅಮ್ಮನಿಗೆ ಕಣ್ಣುರಿ, ರಾತ್ರಿಯಿಡೀ ಕೆಮ್ಮು. ಮೊದಲು ಆ ಕೋಣೆ ಬಿಡಿಸಿ ಎಂದರು ಡಾಕ್ಟರು. ಬೇರೆ ಕೋಣೆಗೆ ಹಾಸಿಗೆ ಬದಲಿಸಿದ ಮೇಲೆ ಕೆಮ್ಮು ಇಳಿಯಿತು. ಅಷ್ಟರಲ್ಲಿ ಹಲಗೆಗಳ ಅಂಚು ಉಬ್ಬಿ ಕಾಲಿಗೆ ತಡೆಯುತ್ತಿತ್ತು. ಬಡಗಿಯನ್ನು ಕರೆಸಿ ಎಬ್ಬಿಸಿದರೆ ಫೋಮ್ ಅಡಿಯೆಲ್ಲ ಕಪ್ಪು ಬೂಷ್ಟು.

ಒಂದು ಹಲಗೆ ಮುರಿದು ತೋರಿಸಿದ್ದು ಆ ಬಡಗಿಯೇ. ಮೇಲೆ ಮರದ ಚಿತ್ರ ಅಚ್ಚು ಹಾಕಿದ ಕಾಗದ, ಅದರ ಮೇಲೊಂದು ಹೊಳಪಿನ ಪದರ. ಒಳಗೆ ಮರದ ನಾರನ್ನು ಅಂಟಿನಲ್ಲಿ ಕಲಸಿ ಒತ್ತಿದ ಎಚ್‌ಡಿಎಫ್. ಇದಕ್ಕೆ ಲ್ಯಾಮಿನೇಟ್ ಅನ್ನುತ್ತಾರೆ. ಇಂಥ ಅಗ್ಗದ ಹಲಗೆಗೆ ಸಾಮಾನ್ಯವಾಗಿ ಬಳಸುವುದು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಸೆಖೆ, ತೇವ ಹೆಚ್ಚಿದಷ್ಟೂ ಅದರಿಂದ ಫಾರ್ಮಾಲ್ಡಿಹೈಡ್ ಅನಿಲ ಜಾಸ್ತಿ ಬಿಡುತ್ತದೆ. ಕಣ್ಣು, ಗಂಟಲು ಉರಿಸುವ ಈ ಅನಿಲವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಉಬ್ಬಸದವರ ಕೋಣೆಗೆ ಇದನ್ನು ಹಾಕಿ ಹೋದರಲ್ಲ ಅಂತ ಈಗಲೂ ಸಿಟ್ಟು ಬರುತ್ತದೆ. ನಾಲ್ಕು ತಿಂಗಳು ನೆಲದಡಿಯಿಂದಲೂ ತೇವ ಏರುವ ಊರು ನಮ್ಮದು. ಅದು ಗೊತ್ತಿದ್ದೂ ಮಾರಿದರು.

ಅಂಗಡಿಯವರನ್ನು ಕೇಳಿದರೆ “ತೇವಕ್ಕೆ ವಾರಂಟಿ ಇಲ್ಲ” ಎಂಬ ಉತ್ತರ. ಅದರ ಬದಲು ‘ಬಿದಿರು ಡಿಸೈನ್’ ಶೀಟ್ ತಗೊಳ್ಳಿ ಅಂದರು. ಅದು ವಿನೈಲ್. ಅಂದರೆ ಪಿವಿಸಿ ಪ್ಲಾಸ್ಟಿಕ್!

ಹಾಗಾಗಿ ಕೊಳ್ಳುವ ಮೊದಲು ಒಂದು ತುಂಡು ಕೇಳಿ ಪಡೆಯಿರಿ. ಕತ್ತರಿಸಿದ ಬದಿ ನೋಡಿ. ನಿಜವಾದ ಮರದಲ್ಲಿ ಎಳೆ ಒಳಗೂ ಹೋಗಿರುತ್ತದೆ. ಒಂದೇ ಗಂಟು ನಾಲ್ಕು ಹಲಗೆಯಲ್ಲಿ ಕಂಡರೆ ಅದು ಅಚ್ಚು. ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಅಂಚು ಎಷ್ಟು ಉಬ್ಬಿದೆ ನೋಡಿ. ಹಲಗೆಯಿಂದ ಫಾರ್ಮಾಲ್ಡಿಹೈಡ್ ಎಷ್ಟು ಬಿಡುತ್ತದೆ ಎಂದು ಹೇಳುವ ‘ಇ1’ ಅಥವಾ ‘ಇ0’ ದರ್ಜೆಯ ಪರೀಕ್ಷಾ ವರದಿ ಕೇಳಿ. ಇ1 ಅಂದರೆ ಪರೀಕ್ಷೆಯ ಕೋಣೆಯ ಗಾಳಿಯಲ್ಲಿ ಫಾರ್ಮಾಲ್ಡಿಹೈಡ್ 0.1 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 0.1 ಪಾಲು) ದಾಟಬಾರದು. ನಿಜವಾದ ಬಿದಿರಿನ ಹಲಗೆಯನ್ನೂ ಸೀಳುಗಳಿಗೆ ಅಂಟು ಹಾಕಿಯೇ ಮಾಡುತ್ತಾರೆ, ಅದಕ್ಕೂ ಇದೇ ಪ್ರಶ್ನೆ ಕೇಳಿ.

ನಾವು ಎಲ್ಲ ಕಿತ್ತು ಹಾಕಿ, ಬೂಷ್ಟು ಉಜ್ಜಿ ತೊಳೆದು, ಹಳೆ ಕಾವಿ ನೆಲದ ಮೇಲೆ ಚಾಪೆ ಹಾಸಿದ್ದೇವೆ. ತೇವವಾದರೆ ಎತ್ತಿ ಒಲೆ ಹತ್ತಿರ ಒಣಗಿಸಬಹುದು. ಹೊಸದಾಗಿ ಕಟ್ಟುವವರು ಮೊದಲು ನೆಲದಡಿಯ ತೇವ ತಡೆಯಲು ದುಡ್ಡು ಹಾಕಿ. ಮೇಲೆ ಕಾವಿಯೋ, ಸುಟ್ಟ ಮಣ್ಣಿನ ಟೈಲ್ಸೋ, ಕಡಪ ಕಲ್ಲೋ ಇರಲಿ. ಯಾವುದರಿಂದಲೂ ಘಾಟು ಬರುವುದಿಲ್ಲ. ಆದರೆ ಕಾವಿಗೆ ಕೈ ಪಳಗಿದ ಗಾರೆಯವರೇ ಬೇಕು, ನೀರು ಕಟ್ಟಿ ಕ್ಯೂರಿಂಗ್ ಮಾಡದಿದ್ದರೆ ಬಿರುಕು ಬಿಡುತ್ತದೆ.

ನಮ್ಮ ಬಿಲ್‌ನಲ್ಲಿ ಬರೀ ‘ವುಡನ್ ಫ್ಲೋರಿಂಗ್’ ಅಂತ ಇದೆ. ನೀವು ವಸ್ತುವಿನ ಸರಿಯಾದ ಹೆಸರು, ದರ್ಜೆ ಎರಡನ್ನೂ ಬಿಲ್‌ನಲ್ಲೇ ಬರೆಸಿಕೊಳ್ಳಿ. ಈಗಾಗಲೇ ಮೋಸ ಹೋದವರು ಪೆಟ್ಟಿಗೆ ಮತ್ತು ಒಂದು ಹಲಗೆ ಎಸೆಯದೆ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ನಾವೂ ಕೊಟ್ಟಿದ್ದೇವೆ.