ಮೊದಲ ಹತ್ತ ದಿನ ಹಾಡಾಕ ಬಿಡದ ಹಾಡಿನ ಕ್ಲಾಸು (ಮಾಳಮಡ್ಡಿ, ಧಾರವಾಡ)

ನಾ ಹುಬ್ಬಳ್ಳಿ ಆರ್ಕೆಸ್ಟ್ರಾದಾಗ ಒಂಬತ್ತ ವರ್ಷದಿಂದ ಹಾಡಾಕತ್ತೇನ್ರಿ. ಗಣಪತಿ ಸೀಸನ್ನಿನ್ಯಾಗ ದಿನಾ ಒಂದ ಪ್ರೋಗ್ರಾಂ, ಹೋದ ಸಲ ಒಂಬತ್ತನೇ ದಿನ ಮ್ಯಾಲಿನ ಸಾ ಹಚ್ಚಾಕ ಹೋದ್ರ ಬರೇ ಗಾಳಿ ಬಂತು. ಜ್ಯೇಷ್ಠಮಧು, ಮೆಣಸು-ಜೇನು, ಬಿಸಿನೀರು, ಮಂದಿ ಹೇಳಿದ್ದೆಲ್ಲಾ ಮಾಡಿದೆ. ಒಂದ ಕ್ಲಾಸಿಗೆ ಹೋದ್ರ ಅವ್ರು "ಇನ್ನೂ ಜೋರ್ ಹಾಡ್, ಗಂಟಲ ತಗೀತೈತಿ" ಅಂತ ಒದರಿಸಿ ಒದರಿಸಿ ಇದ್ದದ್ದೂ ಹೋತು.

ಆಮ್ಯಾಲೆ ಗೆಳತಿ ಈ ಮಾಳಮಡ್ಡಿ ಮಾಸ್ತರ್ ಕಡೆ ಕರ್ಕೊಂಡ ಹೋದ್ಲು. ಬೋರ್ಡ್ ಇಲ್ಲ, ಹೆಸರು ನಂಬರ್ ಹಾಕಬ್ಯಾಡ ಅಂದಾರ. ಹೋದ ದಿನಾನ ಹಾರ್ಮೋನಿಯಂ ಮುಚ್ಚಿಟ್ಟು, ಮೊದಲ ಇಎನ್‌ಟಿ ಡಾಕ್ಟರಿಗೆ ತೋರಿಸ್ಕೊಂಡ ಬಾ ಅಂದ್ರು. ನಂಗ ಸಿಟ್ಟ ಬಂತು ಖರೇ. ಆದ್ರ ಡಾಕ್ಟರ್ ಬಾಯಾಗ ಕ್ಯಾಮೆರಾ ಹಾಕಿ ಟಿವಿಯಾಗ ತೋರಿಸಿದಾಗ ಸುಮ್ನಾದೆ, ಎರಡೂ ಧ್ವನಿತಂತುಗಳ ಮ್ಯಾಗ ಎದರಾಎದರ ಸಾಬೂದಾಣಿ ಚೂರಿನಂಗ ಬಿಳೀ ಗಂಟು. ಹೆಂಗಸರು ಸಾದಾ ಮಾತಾಡೂವಾಗನ ಇವು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ಬಡೀತಾವಂತ, ತಾರ ಸಪ್ತಕಕ್ಕ, ಅಂದ್ರ ಮ್ಯಾಲಿನ ಸ್ವರಗಳಿಗೆ ಹೋದ್ರ ಅದರ ಡಬಲ್, ಜೋರ್ ಬಡಿಯೋ ಜಾಗಾದಾಗ ಅಂಗೈಗೆ ಜಡ್ಡ ಕಟ್ಟಿದಂಗ ಕಟ್ಟತೈತಿ.

ಮೊದಲ ಹತ್ತ ದಿನ ಹಾಡಿಲ್ಲ. ಸ್ಟೀಲ್ ಲೋಟದಾಗ ಅರ್ಧ ನೀರು, ಎಳನೀರಿನ ಸ್ಟ್ರಾ, ಅದನ್ನ ಎರಡ ಬೆರಳ ಮುಳಗಿಸಿ ಊಂ ಅಂತ ಊದೂದು. ಗುಳುಗುಳು ಗುಳುಗುಳು, ನೀರೆಲ್ಲಾ ನನ್ನ ವಹಿ ಮ್ಯಾಗ. ನಾ ನಗತಿದ್ದೆ, ಬಾಜೂಕ ಕುಂತ ಹುಡುಗ ಸೀರಿಯಸ್ ಆಗಿ ಊದತಿದ್ದ. ಬಾಯಾಗ ಒತ್ತಡ ಉಳದ್ರ ತಂತುಗಳು ಬಿರುಸಾಗಿ ಬಡಿಯಂಗಿಲ್ಲ ಅದಕ್ಕ ಅಂದ್ರು. ಮತ್ತ ಖ್ಯಾಕರಿಸಬ್ಯಾಡ, ಒಂದ ಗುಟುಕು ನೀರ ನುಂಗು, ಪಿಸಪಿಸ ಮಾತೂ ಬ್ಯಾಡ. ಬಿಸಿನೀರ ಕುಡದ್ರ ಅನ್ನದ ದಾರಿ ಹಿಡಿತೈತಿ, ಧ್ವನಿತಂತುಗೆ ತಾಗೂದ ಇಲ್ಲ, ಹಬಿ ತಗೊಂಡ್ರ ತಾಗತೈತಿ, ಇದು ನಂಗ ಇಷ್ಟ ವರ್ಷ ಗೊತ್ತೇ ಇರ್ಲಿಲ್ಲ ನೋಡ್ರಿ. ರಾತ್ರಿ ಹನ್ನೆರಡಕ್ಕ ಪ್ರೋಗ್ರಾಂ ಮುಗಿಸಿ ಗಿರಮಿಟ್ ಮಿರ್ಚಿ ತಿಂದ ಮಲಗೂದು ಬಂದ್, ಹೊಟ್ಟಿ ಆಮ್ಲ ಮ್ಯಾಲ ಬಂದು ಗಂಟಲ ಸುಡತೈತಂತ. ಇದೊಂದು ಭಾಳ ಕಷ್ಟ ಆತು.

ಆಮ್ಯಾಲೆ ನನ್ನ ಪಟ್ಟಿ, ಅಂದ್ರ ಸಾ ಹಿಡಿಯೋ ಎತ್ತರ, ಹಾರ್ಮೋನಿಯಂನ ಐದನೇ ಕಪ್ಪು ಕೀಯಿಂದ ಐದನೇ ಬಿಳಿ ಕೀಗೆ ಇಳಿಸಿದ್ರು. ನಂಗ ಮಾನಾ ಹೋದಂಗಾತು, ಮಂದಿ ಏನಂತಾರ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ಧ್ವನಿ ಗಂಟಲ ಆಪರೇಷನ್ ಆದಮ್ಯಾಲೆ ದಪ್ಪ ಆತು, ನಂದೂ ಹಂಗ ಆಗಲಿ ಬಿಡ್ರಿ ಅಂತ ಚಾಷ್ಟಿ ಮಾಡಿದೆ. ಮಾಸ್ತರ್ ನಗಲಿಲ್ಲ, "ಅವ್ರು ಹಳೇ ಪಟ್ಟಿ ಹಿಡಕೊಂಡ ಜಗ್ಗಾಡಲಿಲ್ಲ, ಬಂದ ಧ್ವನಿ ತಗೊಂಡು 2006ರ ತನಕ ಹಾಡಿದ್ರು, ನೀ ಮೊದಲ ನಿನ್ನ ಪಟ್ಟಿ ಬಿಡು" ಅಂದ್ರು. ಗಾಯಕ ಬಸವರಾಜ ರಾಜಗುರುಗಳು ಊರೂರಿಗೆ ಮನಿ ನೀರ ಒಯ್ತಿದ್ದ ಕತಿ ಮಾತ್ರ ವಾರಕ್ಕೊಮ್ಮೆ ಹೇಳತಾರ, ಕೇಳಿ ಕೇಳಿ ಸಾಕಾಗೈತಿ. ಆರ್ಕೆಸ್ಟ್ರಾದವರು ಪಟ್ಟಿ ಇಳಿಸಾಕ ಗೊಣಗಿದ್ರು, ಕೀಬೋರ್ಡ್‌ನವ ಪಟ್ಟಿ ಬದಲ ಮಾಡೋ ಟ್ರಾನ್ಸ್‌ಪೋಸ್ ಬಟನ್ ಒತ್ತಿದಾ, ಮುಗೀತು.

ಐದ ತಿಂಗಳಾತು. ಡಾಕ್ಟರ್ ಕಡೆ ಮರುತಪಾಸಣಿ ಮಾಡಿಸಿದೆ, ಒಂದ ಕಡೆ ಗಂಟಿಲ್ಲ, ಇನ್ನೊಂದು ಭಾಳ ಸಣ್ಣ ಆಗೈತಿ. ಮೂರು ತಾಸಿನ ಪ್ರೋಗ್ರಾಂ ಮುಗದ ಮರುದಿನ ಮುಂಜಾನೆ ಹಾಲಿನವನ ಕೂಡ ಸರಿಯಾಗಿ ಮಾತಾಡಾಕ ಬರತೈತಿ ಈಗ.

ಫೀ ತಿಂಗಳಿಗೆ 1200. ನಾಕ ಮಂದಿ ಬ್ಯಾಚ್ ಅಂತಾರ, ಏಳ ಮಂದಿ ಇರತೀವಿ. ಟೈಮ್ ಮುಂಜಾನೆ ಆರು ಅಷ್ಟ, ಹುಬ್ಬಳ್ಳಿಯಿಂದ ಬರೋರಿಗೆ ಜೀವಾ ಹೋಗತೈತಿ. ಶ್ರಾವಣದಾಗ ಅವರದ ಭಜನಿ ಇದ್ರ ಹೇಳದ ಕೇಳದ ರಜಾ, ರೊಕ್ಕ ಕಡಿಮಿ ಮಾಡಂಗಿಲ್ಲ. ರಿಯಾಲಿಟಿ ಶೋ ಆಡಿಶನ್‌ಗೆ ಎರಡ ತಿಂಗಳದಾಗ ರೆಡಿ ಆಗಬೇಕು ಅನ್ನೋರು ಹೋಗಬ್ಯಾಡ್ರಿ, ಬೈತಾರ. ಐದಕ್ಕ ನಾಕೂವರಿ ಸ್ಟಾರ್. ಲೋಟ ಮನಿಯಿಂದ ಒಯ್ಯರಿ, ಅಲ್ಲಿದ್ದವು ಬರೇ ಮೂರು.