ಅಮೆರಿಕದಿಂದ ಬಂದ ಹಳೇ ಟರ್ನ್‌ಟೇಬಲ್: ದುಡ್ಡು ಕೊಡುವ ಮೊದಲು ಅಡಿಯ ಲೇಬಲ್ ಓದಿ

ಬೆಂಗಳೂರಿನಲ್ಲಿ ಈಚೆಗೆ ಕೈಬದಲಾದ ಒಂದು ಟರ್ನ್‌ಟೇಬಲ್ಲಿನ, ಅಂದರೆ ಹಾಡಿನ ಪ್ಲೇಟು ನುಡಿಸುವ ಯಂತ್ರದ ಸಂಗತಿ ಇದು. ಮೋಟಾರು ಬೆಲ್ಟಿನ ಮೂಲಕ ತಟ್ಟೆ ತಿರುಗಿಸುವ 'ಬೆಲ್ಟ್ ಡ್ರೈವ್' ಬಗೆಯದು. ಎಪ್ಪತ್ತರ ದಶಕದ ಮಾಲು. ಅಮೆರಿಕದಿಂದ ಊರಿಗೆ ಮರಳಿದ ಮನೆಯವರ ಸಾಮಾನಿನ ಜೊತೆ ಬಂದದ್ದು. ಮರದ ಕಟ್ಟು ಥಳಥಳ, ಮುಚ್ಚಳದ ಮೇಲೆ ಒಂದು ಗೀರಿಲ್ಲ, ಬೆಲ್ಟ್ ಹೊಸದು, ಮೇಲೊಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಪುಕ್ಕಟೆ. ಮಾರುವವರು ಯಾವುದೋ ವಾದ್ಯಸಂಗೀತದ ಎಲ್‌ಪಿ ಹಾಕಿ ಕೇಳಿಸಿದರು, ಇಂಪಾಗಿಯೇ ಇತ್ತು. ಕೊಂಡವರು ಮನೆಗೆ ತಂದು ಬಾಯಿಪಾಠ ಬರುವ ಹಾಡು ಹಾಕಿದಾಗ ಗಾಯಕಿಯ ಕಂಠ ಗಂಡುದನಿಯ ಹಾಗೆ ಕೇಳಿತು. ಫೋನ್ ಮಾಡಿದರೆ, "ಬೆಲ್ಟ್ ಹೊಸದು ಸಾರ್, ನಾಲ್ಕು ದಿನ ಓಡಲಿ, ಸೆಟ್ ಆಗುತ್ತೆ" ಎಂಬ ಉತ್ತರ. ಆಗಲಿಲ್ಲ. ಆಗುವುದೂ ಇಲ್ಲ.

ಬೆಲ್ಟ್ ಪಾಪದ್ದು. ಅಮೆರಿಕದ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್ (ಸೆಕೆಂಡಿಗೆ 60 ಆವರ್ತ). ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಮುಟ್ಟುವುದಿಲ್ಲ. ಆ ಕಾಲದ ಬಹುಪಾಲು ಬೆಲ್ಟ್ ಡ್ರೈವ್‌ಗಳಲ್ಲಿ ಇರುವುದು ಎಸಿ ಸಿಂಕ್ರೊನಸ್ ಮೋಟಾರು, ಅದರ ವೇಗ ನಿಂತಿರುವುದೇ ಹರ್ಟ್ಸ್ ಮೇಲೆ. ಹಾಗಾಗಿ 60ಕ್ಕೆ ಮಾಡಿದ ಯಂತ್ರ ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುತ್ತದೆ: ನಿಮಿಷಕ್ಕೆ 33⅓ ಸುತ್ತು ಆಗಬೇಕಾದದ್ದು ಸುಮಾರು 27.8. ಶ್ರುತಿ ಮೂರು ಸ್ವರಸ್ಥಾನಕ್ಕೂ ತುಸು ಹೆಚ್ಚೇ ಕುಸಿಯುತ್ತದೆ. ಐದೂವರೆ ಮನೆ ಶ್ರುತಿಯಲ್ಲಿ ಹಾಡಿದ್ದು ನಾಲ್ಕು ಮನೆಗೆ ಬಂದು ಕೂರುತ್ತದೆ. ಗೊತ್ತಿಲ್ಲದ ವಾದ್ಯಸಂಗೀತದಲ್ಲಿ ಇದು ಕಿವಿಗೆ ಸಿಕ್ಕುವುದು ಕಷ್ಟ, ತೋರಿಸಲು ಅದನ್ನೇ ಆರಿಸಿದ್ದು ಆಕಸ್ಮಿಕವೋ ಜಾಣತನವೋ ಹೇಳಲಾಗದು.

"ವೇಗದ ಗುಂಡಿ 45ಕ್ಕೆ ಇಟ್ಟು ಕೇಳಿ" ಅನ್ನುವವರೂ ಇದ್ದಾರೆ. 45ರ ಸ್ಥಾನದಲ್ಲಿ ಅದು 37.5ರಲ್ಲಿ ಓಡುತ್ತದೆ, ಎಲ್‌ಪಿಗೆ ಅದು ವಿಪರೀತ ವೇಗ. ವೇಗವನ್ನು ತುಸು ಏರಿಸಿ ಇಳಿಸುವ ಪಿಚ್ ಗುಂಡಿ ಇದ್ದರೂ ಅದರ ವ್ಯಾಪ್ತಿ ಸಾಮಾನ್ಯವಾಗಿ ಶೇಕಡಾ ಆರೋ ಎಂಟೋ. ಇಲ್ಲಿ ಬೇಕಿರುವುದು ಶೇಕಡಾ ಇಪ್ಪತ್ತು.

ಪತ್ತೆ ಹಚ್ಚಲು ಉಪಕರಣ ಬೇಡ. ಪ್ಲ್ಯಾಟರಿನ (ತಿರುಗುವ ತಟ್ಟೆಯ) ಅಂಚಿಗೆ ಒಂದು ಚೂರು ಕಾಗದ ಅಂಟಿಸಿ, ಮುಳ್ಳು ಹೊತ್ತ ತೋಳನ್ನು (ಟೋನ್‌ಆರ್ಮ್) ಲಾಕ್ ಮಾಡಿ, ಮೊಬೈಲಿನ ಗಡಿಯಾರ ನೋಡುತ್ತಾ ಮೂರು ನಿಮಿಷ ಸುತ್ತು ಎಣಿಸಿ. ನೂರು ಬಂದರೆ ಸರಿ. 83ರ ಹತ್ತಿರ ನಿಂತರೆ 60 ಹರ್ಟ್ಸ್ ಯಂತ್ರ. 96, 97 ಬಂದರೆ ಹರ್ಟ್ಸಿನದಲ್ಲ, ಜಾರುವ ಬೆಲ್ಟ್ ಅಥವಾ ಒಣಗಿದ ಬೇರಿಂಗಿನ ಸಮಸ್ಯೆ. ಇವೆರಡೂ ಕಡಿಮೆ ಖರ್ಚಿನಲ್ಲಿ ಸರಿಹೋಗುತ್ತವೆ. ಪ್ಲ್ಯಾಟರ್ ಮೇಲಿಡುವ, ವೇಗ ಸರಿಯಿದ್ದಾಗ ಗೆರೆಗಳು ನಿಂತಂತೆ ಕಾಣುವ ಸ್ಟ್ರೋಬ್ ಕಾಗದ ಬಳಸುವವರು 33⅓ಕ್ಕೆ 180 ಗೆರೆಗಳಿರುವ 50 ಹರ್ಟ್ಸಿನದನ್ನೇ ತನ್ನಿ, ಅಮೆರಿಕದ್ದರಲ್ಲಿ 216 ಇರುತ್ತವೆ. ಎಲ್‌ಇಡಿ ಬೆಳಕಿನಲ್ಲಿ ಅದನ್ನು ನಂಬಬೇಡಿ, ಹಳೇ ಬಲ್ಬೋ ಚೋಕ್ ಇರುವ ಹಳೇ ಟ್ಯೂಬ್‌ಲೈಟೋ ಬೇಕು.

ಅದಕ್ಕೂ ಮೊದಲು ಯಂತ್ರವನ್ನು ಎತ್ತಿ ಅಡಿಯ ಲೇಬಲ್ ನೋಡಿ. '120V 60Hz' ಎಂದಷ್ಟೇ ಇದ್ದು ಬೆಲ್ಟ್ ಡ್ರೈವ್ ಆಗಿದ್ದರೆ ಅನುಮಾನಪಡಿ. '50/60Hz' ಎಂದಿದ್ದರೂ ನಿಶ್ಚಿಂತೆ ಇಲ್ಲ: ಜರ್ಮನಿಯ ಡ್ಯುಯಲ್ ಕಂಪನಿಯ ಕೆಲವು ಮಾದರಿಗಳಲ್ಲಿ ಮೋಟಾರು ಎರಡಕ್ಕೂ ಒಗ್ಗುತ್ತದೆ, ಬೆಲ್ಟ್ ಹಿಡಿಯುವ ಮೋಟಾರಿನ ಪುಟ್ಟ ಗಾಲಿ (ಪುಲ್ಲಿ) ಮಾತ್ರ ಬದಲಿಸಬೇಕು. ಡಿಸಿ ಮೋಟಾರಿನ ಬೆಲ್ಟ್ ಡ್ರೈವ್‌ಗಳಿಗೂ ಬೆಲ್ಟಿಲ್ಲದೆ ಮೋಟಾರೇ ತಟ್ಟೆ ತಿರುಗಿಸುವ, ಟೆಕ್ನಿಕ್ಸ್ ಎಸ್‌ಎಲ್-1200ರಂಥ ಡೈರೆಕ್ಟ್ ಡ್ರೈವ್‌ಗಳಿಗೂ ಈ ಕಾಟವಿಲ್ಲ, ವೋಲ್ಟೇಜು ಹೊಂದಿಸಿದರೆ ಸಾಕು. ಜಪಾನಿನ ಒಳಮಾರುಕಟ್ಟೆಯದಾದರೆ 100 ವೋಲ್ಟ್. ಅದಕ್ಕೆ 110ರ ಟ್ರಾನ್ಸ್‌ಫಾರ್ಮರ್ ಹಾಕಿದರೆ, ಮನೆಯ ಲೈನು 245ಕ್ಕೆ ಏರಿದಾಗ ಒಳಗೆ ಹೋಗುವುದು 117, ಅದು ಹೆಚ್ಚಾಯಿತು. ಮೋಟಾರು ತಿನ್ನುವುದು ಕೆಲವೇ ವ್ಯಾಟ್, 50 ವಿಎ ಟ್ರಾನ್ಸ್‌ಫಾರ್ಮರ್ ಧಾರಾಳ. ಪ್ರವಾಸಿಗರು ಹೇರ್ ಡ್ರೈಯರ್‌ಗೆ ಬಳಸುವ ಹಗುರ ಕನ್ವರ್ಟರ್ ಮಾತ್ರ ಹಾಕಬೇಡಿ.

ಆಗಲೇ ಕೊಂಡಾಗಿದ್ದರೆ? 50 ಹರ್ಟ್ಸಿನ ಅಸಲಿ ಪುಲ್ಲಿ ಹುಡುಕಿ. ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಹಿತ್ತಾಳೆಯದು ಮಾಡಿಸಬಹುದು, ಆದರೆ ನೇರವಾಗಿ ವ್ಯಾಸವನ್ನು 1.2ರಿಂದ ಗುಣಿಸಿದರೆ ತಪ್ಪುತ್ತದೆ, ಬೆಲ್ಟಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಪುಲ್ಲಿ 10 ಮಿ.ಮೀ., ಬೆಲ್ಟ್ 0.6 ಎಂದುಕೊಳ್ಳಿ: 10.6 ಅನ್ನು 1.2ರಿಂದ ಗುಣಿಸಿ 0.6 ಕಳೆದರೆ 12.12. ಕೊರೆದ ತೂತು ಕೂದಲೆಳೆಯಷ್ಟು ಓರೆಯಾದರೂ ವೀಣೆಯ ದೀರ್ಘಸ್ವರ ನಡುಗುತ್ತದೆ. 60 ಹರ್ಟ್ಸ್ ಹುಟ್ಟಿಸಿ ಕೊಡುವ ಪವರ್ ಸಪ್ಲೈಗಳೂ ಇವೆ. ಕೊಂಡ ಯಂತ್ರಕ್ಕಿಂತ ಅವೇ ದುಬಾರಿಯಾದೀತು. ಹಾಗೆಯೇ ನಡೆಸಿಕೊಂಡು ಹೋದರೆ ಮೋಟಾರು ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ, ಗುಂಯ್‌ಗುಡುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡಿಸಿದರೆ ಆ ಸದ್ದು ಇನ್ನೂ ಜೋರು.

ಇನ್ನು ಪ್ಲೇಟಿನ ಮೇಲೆ ಓಡುವ ಮುಳ್ಳು. ಇದೇ ವ್ಯಾಪಾರದಲ್ಲಿ "ಮುಳ್ಳು ಚೆನ್ನಾಗಿದೆ" ಎಂಬ ಮಾತೂ ಬಂದಿತ್ತು. ಮುಳ್ಳಿನ ವಯಸ್ಸು ಬರಿಗಣ್ಣಿಗೆ ಕಾಣದು. ವಜ್ರದ್ದಾದರೂ ದುಂಡು ತುದಿಯದು ಸುಮಾರು 500 ಗಂಟೆ, ಮೊಟ್ಟೆಯಾಕಾರದ ತುದಿಯ ಎಲಿಪ್ಟಿಕಲ್ 300 ಅಂದಾಜು. ಹಳೇ ಯಂತ್ರದ ಬೆಲೆಗೆ ಹೊಸ ಮುಳ್ಳಿನ ಬೆಲೆಯನ್ನು ಕೂಡಿಸಿಯೇ ಚೌಕಾಸಿ ಮಾಡಿ, ಆ ಕಾರ್ಟ್ರಿಜ್‌ಗೆ (ಮುಳ್ಳು ಕೂರುವ ಭಾಗಕ್ಕೆ) ಮುಳ್ಳು ಈಗಲೂ ಸಿಗುತ್ತದೆಯೇ ಎಂದು ಮೊದಲೇ ನೋಡಿ. ಸವೆದ ಮುಳ್ಳಿನಲ್ಲಿ ಓಡಿದ ಪ್ಲೇಟಿನಲ್ಲಿ 'ಸ', 'ಶ'ಗಳು ಹರಿದಂತೆ ಕೇಳುತ್ತವೆ. ಆ ಗಾಯ ತೊಳೆದರೆ ಹೋಗದು. ಆದ್ದರಿಂದ ಸಂಗ್ರಹಕ್ಕೆ ಪ್ಲೇಟು ಕೊಳ್ಳುವಾಗ ಹೊರಗಿನ ಗೀರಿಗಿಂತ, ಒಳಸುತ್ತಿನ ಕೊನೆಯ ಹಾಡಿನಲ್ಲಿ ಸಕಾರ ಹೇಗಿದೆ ಎಂದು ಕೇಳಿ ನಿರ್ಧರಿಸಿ. ಮಲೆನಾಡು, ಕರಾವಳಿಯ ಮನೆಗಳಿಂದ ಬಂದವುಗಳ ಮೇಲಿನ ಬಿಳಿ ಬೂಷ್ಟು ಮಾತ್ರ ಡಿಸ್ಟಿಲ್ಡ್ ನೀರು, ಒಂದೆರಡು ಹನಿ ಪಾತ್ರೆ ಸೋಪಿಗೆ ಬಹುಮಟ್ಟಿಗೆ ಬಿಡುತ್ತದೆ.

ಜೊತೆಗೆ 78ರ (ನಿಮಿಷಕ್ಕೆ 78 ಸುತ್ತಿನ) ಹಳೇ ಪ್ಲೇಟುಗಳನ್ನು ಅಗ್ಗಕ್ಕೆ ಅಂಟಿಸಿದರೆ ಎಲ್‌ಪಿ ಮುಳ್ಳಿನಲ್ಲಿ ಹಾಕಬೇಡಿ. ಅವುಗಳಲ್ಲಿ ಮುಳ್ಳು ಓಡುವ ತೋಡು ಅಗಲ, ಸುಮಾರು 3 ಮಿಲ್ಲಿನ (ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಬೇರೆಯದೇ ಮುಳ್ಳು ಬೇಕು. ಅವು ಅರಗಿನವು, ಸ್ಪಿರಿಟ್ ತಾಗಿಸಿದರೆ ಮೇಲ್ಮೈಯೇ ಕರಗುತ್ತದೆ.