ಎಕ್ವಿಯಾನೊ, ಡಗ್ಲಾಸ್, ಮೇರಿ ಪ್ರಿನ್ಸ್: ಅಮ್ಮನಿಗೆ ಓದಿ ಹೇಳಿದ ಮೂರು ಆತ್ಮಕಥೆಗಳು

ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದವರ ಆತ್ಮಕಥೆಗಳಲ್ಲಿ ಒಂದನ್ನೇ ಓದುವುದಾದರೆ ಯಾವುದನ್ನು ಓದಬೇಕು ಎಂದು ಯಾರಾದರೂ ಕೇಳಿದರೆ, ಫ್ರೆಡರಿಕ್ ಡಗ್ಲಾಸ್ ಎಂದು ನಾನು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಅಮ್ಮನ ಕಣ್ಣಿನ ಪೊರೆ ತೆಗೆಸಿದೆವು. ಟಿವಿ ಬೇಡ, ಪತ್ರಿಕೆ ಬೇಡ ಎಂದು ವೈದ್ಯರು ಹೇಳಿದ್ದರಿಂದ ಸಂಜೆಗಳೆಲ್ಲ ಖಾಲಿ. ಅಮ್ಮನಿಗೆ ಇಂಗ್ಲಿಷ್ ಬಾರದು. ನಾನು ಪುಟ ನೋಡುತ್ತ, ಬಾಯಲ್ಲೇ ಕನ್ನಡ ಮಾಡಿ ಹೇಳುತ್ತ ಹೋದೆ. ಮೂರು ಪುಸ್ತಕ ಮುಗಿಯುವ ಹೊತ್ತಿಗೆ ನನ್ನ ಉತ್ತರ ಬದಲಾಗಿತ್ತು.

ಮೊದಲು ಹಿಡಿದದ್ದು ಒಲೌಡಾ ಎಕ್ವಿಯಾನೊನ ಕಥೆ, 1789ರಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದು. ಅಪ್ಪಟ ವ್ಯಾಪಾರಿಯ ಪುಸ್ತಕ. ಮೂರು ಪೆನ್ಸ್ ಬಂಡವಾಳದಲ್ಲಿ ಸೇಂಟ್ ಯುಸ್ಟೇಷಿಯಸ್ ದ್ವೀಪದಲ್ಲಿ ಒಂದು ಗಾಜಿನ ಲೋಟ ಕೊಳ್ಳುತ್ತಾನೆ, ಮಾಂಟ್‌ಸೆರಾಟ್‌ಗೆ ತಂದು ಆರು ಪೆನ್ಸ್‌ಗೆ ಮಾರುತ್ತಾನೆ. ಹೀಗೆ ಕೂಡಿಟ್ಟು, 1766ರ ಜುಲೈನಲ್ಲಿ ಯಜಮಾನನ ಕೈಗೆ 40 ಪೌಂಡ್ ಕೊಟ್ಟು ತನ್ನನ್ನು ತಾನೇ ಕೊಂಡುಕೊಳ್ಳುತ್ತಾನೆ. ಅಮ್ಮ ಇದನ್ನು ಎರಡು ಸಲ ಹೇಳಿಸಿಕೊಂಡಳು. “ತನ್ನನ್ನೇ ಕೊಂಡನೆ? ಅದಕ್ಕೆ ರಸೀದಿ ಕೊಟ್ಟರೆ?” ಕೊಟ್ಟರು. ಆ ಬಿಡುಗಡೆ ಪತ್ರವನ್ನು ಅವನು ಅಕ್ಷರಶಃ ಪುಸ್ತಕದೊಳಗೇ ಅಚ್ಚು ಹಾಕಿಸಿದ್ದಾನೆ.

ಅವನ ಪ್ರಭಾವದ ಗುಟ್ಟೂ ಈ ವ್ಯಾಪಾರಿ ಬುದ್ಧಿಯಲ್ಲೇ ಇದೆ. ಮುಂಗಡ ಚಂದಾ ಎತ್ತಿ ಪುಸ್ತಕ ತಂದ. ಮೊದಲ ಆವೃತ್ತಿಯ 311 ಚಂದಾದಾರರಲ್ಲಿ ವೇಲ್ಸ್ ರಾಜಕುಮಾರನೂ ಇದ್ದ. ಹಕ್ಕನ್ನು ಯಾರಿಗೂ ಮಾರದೆ, ಬ್ರಿಟನ್, ಐರ್ಲೆಂಡ್‌ಗಳ ಊರೂರು ತಿರುಗಿ ತಾನೇ ಮಾರಿದ. ಬದುಕಿದ್ದಾಗಲೇ ಒಂಬತ್ತು ಆವೃತ್ತಿ ಕಂಡ. ಪುಸ್ತಕವನ್ನು ಸಂಸತ್ತಿನ ಸದಸ್ಯರಿಗೇ ಸಂಬೋಧಿಸಿ, ಮನುಷ್ಯರನ್ನು ಮಾರುವುದಕ್ಕಿಂತ ಆಫ್ರಿಕದವರಿಗೆ ಸರಕು ಮಾರುವುದರಲ್ಲಿ ಲಾಭ ಹೆಚ್ಚು ಎಂದು ಕೊನೆಯಲ್ಲಿ ಲೆಕ್ಕ ಒಪ್ಪಿಸುತ್ತಾನೆ. ಕರುಣೆ ಕರಗಿಸದವರನ್ನು ಲಾಭವಾದರೂ ಕರಗಿಸೀತು ಎಂಬ ಎಣಿಕೆ. ಅವನು ತೀರಿಕೊಂಡದ್ದು 1797ರಲ್ಲಿ. ಗುಲಾಮರ ವ್ಯಾಪಾರವನ್ನು ಬ್ರಿಟನ್ ನಿಷೇಧಿಸಿದ್ದು ಅದಾಗಿ ಹತ್ತು ವರ್ಷಕ್ಕೆ.

ಆದರೆ ಎರಡನೇ ಸಂಪುಟ ಸಾಗುವುದೇ ಇಲ್ಲ. 1773ರ ಉತ್ತರ ಧ್ರುವದ ಯಾನ ಸೊಗಸಾಗಿದೆ. ಮುಂದೆ ಪಾಪ, ಪಶ್ಚಾತ್ತಾಪ, ಬೈಬಲ್ ವಚನಗಳು ಶುರುವಾದವೋ, ಅಮ್ಮನ ತಲೆ ದಿಂಬಿಗೆ ಜಾರುತ್ತಿತ್ತು. ಇನ್ನೊಂದು ತೊಡಕೂ ಇದೆ. ಆಫ್ರಿಕದ ಬಾಲ್ಯ ಮತ್ತು ಹಡಗಿನ ಹೊಟ್ಟೆಯೊಳಗಿನ ನರಕ ಈ ಪುಸ್ತಕದ ಅತಿ ಪ್ರಸಿದ್ಧ ಭಾಗಗಳು. ವೆಸ್ಟ್‌ಮಿನ್ಸ್ಟರ್‌ನ ಚರ್ಚಿನಲ್ಲಿರುವ 1759ರ ದೀಕ್ಷಾಸ್ನಾನದ ದಾಖಲೆ ಮಾತ್ರ ಅವನು ಹುಟ್ಟಿದ್ದು ಅಮೆರಿಕದ ಕ್ಯಾರೊಲಿನಾದಲ್ಲಿ ಎನ್ನುತ್ತದೆ. ವಿದ್ವಾಂಸರ ಜಗಳ ಇನ್ನೂ ತೀರಿಲ್ಲ.

ಡಗ್ಲಾಸನದು 1845ರ ಬಾಸ್ಟನ್. ಬರೆಯುವ ಕಲೆಯಲ್ಲಿ ಉಳಿದಿಬ್ಬರೂ ಅವನ ಹತ್ತಿರ ಸುಳಿಯಲಾರರು. ಬಾಲ್ಯದ ಚಳಿಯನ್ನು ಹೇಳುವಾಗ, ನನ್ನ ಕಾಲುಗಳು ಎಷ್ಟು ಬಿರಿದಿದ್ದವೆಂದರೆ ಈಗ ಬರೆಯುತ್ತಿರುವ ಈ ಲೇಖನಿಯನ್ನು ಆ ಬಿರುಕಿನಲ್ಲಿ ಇಡಬಹುದಿತ್ತು ಎನ್ನುತ್ತಾನೆ. ಅಂದಿನ ಕಾಲು, ಇಂದಿನ ಕೈ, ಎರಡೂ ಒಂದೇ ವಾಕ್ಯದಲ್ಲಿ. ನಾನು ಅಲ್ಲೇ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಬಾಲ್ಟಿಮೋರ್‌ನ ಬೀದಿಯಲ್ಲಿ ಬಡ ಬಿಳಿಯ ಹುಡುಗರಿಗೆ ರೊಟ್ಟಿ ಕೊಟ್ಟು ಅವರಿಂದ ಓದು ಕಲಿತದ್ದು ಅಮ್ಮನಿಗೆ ಬಹಳ ಹಿಡಿಸಿತು. ತಪ್ಪಿಸಿಕೊಂಡದ್ದು ಹೇಗೆಂದು ಹೇಳದೆ ಬಿಟ್ಟದ್ದಕ್ಕೆ ಮಾತ್ರ ಮುನಿಸು. ಹೇಳಿದ್ದರೆ ಅದೇ ದಾರಿ ಹಿಡಿಯಬೇಕಿದ್ದ ಬೇರೆಯವರು ಸಿಕ್ಕಿಬೀಳುತ್ತಿದ್ದರು. ನಾವಿಕನ ಕಾಗದ ಹಿಡಿದು ರೈಲು ಹತ್ತಿದ್ದನ್ನು ಅವನು ತನ್ನ ಆತ್ಮಕಥೆಯಲ್ಲಿ ಬಿಚ್ಚಿಟ್ಟದ್ದು 1881ರಲ್ಲಿ.

ಪರಿಣಾಮ? ಮೊದಲ ನಾಲ್ಕು ತಿಂಗಳಲ್ಲೇ 5,000 ಪ್ರತಿ ಖರ್ಚಾದವು. ಇಷ್ಟು ಚೆನ್ನಾಗಿ ಮಾತನಾಡುವವನು ಗುಲಾಮನಾಗಿದ್ದಿರಲಾರ ಎಂಬ ಕುಹಕಕ್ಕೆ ಅವನು ಯಜಮಾನರ ಹೆಸರು, ಊರು ಎಲ್ಲವನ್ನೂ ಬರೆದುಬಿಟ್ಟ. ಆಗ ಎ. ಸಿ. ಸಿ. ಥಾಂಪ್ಸನ್ ಎಂಬಾತ, ಇದೆಲ್ಲ ಸುಳ್ಳು, ಆ ಯಜಮಾನರು ಸಜ್ಜನರು, ಈ ಗುಲಾಮ ನನಗೆ ಗೊತ್ತಿದ್ದವನೇ, ಅವನಿಗೆ ಇಂಥದ್ದು ಬರೆಯುವ ಯೋಗ್ಯತೆ ಇಲ್ಲ ಎಂದು ಪತ್ರಿಕೆಗೆ ಬರೆದ. ಅಲ್ಲಿಗೆ ಡಗ್ಲಾಸ್ ನಿಜವಾಗಿಯೂ ಗುಲಾಮನಾಗಿದ್ದ ಎಂಬುದಕ್ಕೆ ಎದುರಾಳಿಯೇ ಸಾಕ್ಷಿ ನುಡಿದಂತಾಯಿತು. ಡಗ್ಲಾಸ್ ಅವನಿಗೆ ಧನ್ಯವಾದ ಹೇಳಿ, ಆ ಪತ್ರವನ್ನು ಡಬ್ಲಿನ್ ಆವೃತ್ತಿಯಲ್ಲಿ ಸೇರಿಸಿಕೊಂಡ! ಆದರೆ ಹೆಸರು ಬಿಟ್ಟುಕೊಟ್ಟ ಮೇಲೆ ಹಿಡಿದು ಒಯ್ಯುವವರ ಭಯ. ಅಟ್ಲಾಂಟಿಕ್ ದಾಟಿ ಹೋದ. ಬ್ರಿಟನ್ನಿನ ಗೆಳೆಯರು 150 ಪೌಂಡ್ ಕೂಡಿಸಿ ಅವನ ಬಿಡುಗಡೆಯನ್ನು ಕೊಂಡರು.

ಕನ್ನಡದಲ್ಲಿ ಹೇಳುವಾಗ ಮಾತ್ರ ಡಗ್ಲಾಸ್ ನನ್ನ ಬೆವರಿಳಿಸಿದ. ಮನುಷ್ಯ ಗುಲಾಮನಾದದ್ದನ್ನು ಕಂಡಿರಿ, ಗುಲಾಮ ಮನುಷ್ಯನಾದದ್ದನ್ನು ಕಾಣುವಿರಿ ಎಂಬಂಥ ಮಾತು ತಾನಾಗಿಯೇ ಕನ್ನಡವಾಯಿತು. ಆದರೆ ಚೆಸಪೀಕ್ ಕೊಲ್ಲಿಯ ಹಾಯಿಹಡಗುಗಳನ್ನು ನೋಡುತ್ತ ಅವನು ಆಡುವ ಸ್ವಗತ, ನನ್ನ ಬಾಯಲ್ಲಿ ಶಾಲಾ ನಾಟಕದ ಸಂಭಾಷಣೆಯಾಯಿತು. ವೇದಿಕೆಯಲ್ಲಿ ಪಳಗಿದ ಗದ್ಯ ಅದು, ಸಭೆ ಬೇಡುತ್ತದೆ.

ಮೇರಿ ಪ್ರಿನ್ಸ್‌ಳ ಕಥೆಯನ್ನು ನಾನು ಹಿಂದೆ ಓದಿದ್ದೆ, ಪುಟ್ಟದೆಂದು ಬದಿಗಿಟ್ಟಿದ್ದೆ. ಬರ್ಮುಡಾದಲ್ಲಿ ಹುಟ್ಟಿದವಳು. ಆಂಟಿಗಾದ ಯಜಮಾನ ಜಾನ್ ವುಡ್ 1828ರಲ್ಲಿ ಅವಳನ್ನು ಲಂಡನ್ನಿಗೆ ಕರೆತಂದ. ಅವಳು ಮನೆ ಬಿಟ್ಟು ಹೊರನಡೆದು ಗುಲಾಮಗಿರಿ ವಿರೋಧಿ ಸಂಘದ ಕಚೇರಿಯ ಬಾಗಿಲು ತಟ್ಟಿದಳು. ಅವಳು ಬಾಯಲ್ಲಿ ಹೇಳಿದಳು, ಸುಸಾನಾ ಸ್ಟ್ರಿಕ್‌ಲ್ಯಾಂಡ್ ಬರೆದುಕೊಂಡಳು, ಸಂಘದ ಕಾರ್ಯದರ್ಶಿ ಥಾಮಸ್ ಪ್ರಿಂಗಲ್ ತಿದ್ದಿ 1831ರಲ್ಲಿ ಪ್ರಕಟಿಸಿದ. ಬಾಯಿಂದ ಬಂದದ್ದು ಬಾಯಿಗೇ ಮರಳಿತು ಎಂಬಂತೆ, ಕನ್ನಡ ಮಾಡುವುದು ಕಷ್ಟವೇ ಆಗಲಿಲ್ಲ. ನಾನು ಓದುವುದನ್ನು ಬಿಟ್ಟು ಹೇಳತೊಡಗಿದ್ದೆ.

ಹನ್ನೆರಡರ ವಯಸ್ಸಿನ ಮೇರಿಯನ್ನೂ ಇಬ್ಬರು ತಂಗಿಯರನ್ನೂ ಸಂತೆಗೆ ಕಳಿಸುವ ಬೆಳಿಗ್ಗೆ ತಾಯಿ ಅವರಿಗೆ ಹೊಸ ಒರಟು ಬಟ್ಟೆ ತೊಡಿಸುತ್ತಾಳೆ. ನನ್ನ ಮಕ್ಕಳಿಗೆ ಹೆಣದ ಬಟ್ಟೆ ಹೊದಿಸುತ್ತಿದ್ದೇನೆ ಎನ್ನುತ್ತಾಳೆ. ಮೇರಿ ಹರಾಜಾದದ್ದು ಅಲ್ಲಿನ ನಾಣ್ಯದಲ್ಲಿ 57 ಪೌಂಡ್‌ಗೆ. ಮುಂದೆ ಟರ್ಕ್ಸ್ ದ್ವೀಪದ ಉಪ್ಪಿನ ಆಗರ. ಬೆಳಗಿನ ನಾಲ್ಕಕ್ಕೇ ಉಪ್ಪುನೀರಿನಲ್ಲಿ ನಿಲ್ಲಬೇಕು. ಕಾಲಿಗೆ ಹುಣ್ಣೆದ್ದು ಕೆಲವೊಮ್ಮೆ ಮೂಳೆಯವರೆಗೂ ತಿಂದುಬಿಡುತ್ತಿತ್ತು. ಕುಮಟಾ ಕಡೆಯ ಅಮ್ಮ ಸಾಣಿಕಟ್ಟೆಯ ಆಗರಗಳನ್ನು ಕಂಡವಳು. ಏನೂ ಹೇಳಲಿಲ್ಲ, ಹೊದಿಕೆಯೊಳಗೆ ಕಾಲು ಎಳೆದುಕೊಂಡಳು.

ಈ ಪುಸ್ತಕದಲ್ಲೂ ತಿದ್ದಿದವರ ಕೈ ಇದೆ. ಒಬ್ಬ ಕ್ಯಾಪ್ಟನ್ ಜೊತೆ ಬದುಕಿದ್ದ ಸಂಗತಿಯನ್ನು ಬರೆದುಕೊಂಡವಳಿಗೆ ತಾನು ಹೇಳಿದ್ದಾಗಿ ಮೇರಿ 1833ರಲ್ಲಿ ನ್ಯಾಯಾಲಯದಲ್ಲಿ ನುಡಿದಳು. ಪುಸ್ತಕದಲ್ಲಿ ಅದರ ಸುಳಿವಿಲ್ಲ. ಓದುಗರ ಮರ್ಯಾದೆಗೆ ಕುಂದಾದೀತೆಂದು ಕತ್ತರಿಸಿರಬೇಕು. ಇಷ್ಟಾದರೂ ಅವಳ ಮಾತನ್ನು ನಂಬಲು ಬೆನ್ನು ಬೇಕಾಯಿತು. ಬರ್ಮಿಂಗ್‌ಹ್ಯಾಮ್‌ನ ಮಹಿಳಾ ಸಂಘದವರು ವಿಚಾರಿಸಿದ್ದಕ್ಕೆ ಪ್ರಿಂಗಲ್‌ನ ಹೆಂಡತಿ ಮೇರಿಯ ಬೆನ್ನಿನ ಬಾಸುಂಡೆಗಳನ್ನು ಕಣ್ಣಾರೆ ನೋಡಿ ಬರೆದ ಪತ್ರ, ಮೂರನೇ ಆವೃತ್ತಿಯ ಅನುಬಂಧದಲ್ಲಿದೆ. ಎಕ್ವಿಯಾನೊ ರಸೀದಿ ತೋರಿಸಿದರೆ ಸಾಕಿತ್ತು.

ಒಂದೇ ವರ್ಷದಲ್ಲಿ ಮೂರು ಆವೃತ್ತಿ, ಮೇಲೆ ಎರಡು ಮಾನನಷ್ಟ ಮೊಕದ್ದಮೆ. 1833ರಲ್ಲಿ ಗುಲಾಮಗಿರಿ ರದ್ದತಿಯ ಕಾಯಿದೆ ಬಂತು. ಅದು ಪುಸ್ತಕದಿಂದಲೇ ಬಂತೆಂದರೆ ಜಮೈಕಾದಲ್ಲಿ 1831ರ ಕ್ರಿಸ್‌ಮಸ್‌ಗೆ ದಂಗೆಯೆದ್ದ ಗುಲಾಮರಿಗೆ ಅನ್ಯಾಯವಾದೀತು. ಆದರೆ ಮೂವರಲ್ಲಿ ಕಾಯಿದೆಗೆ ಅತಿ ಹತ್ತಿರ ನಿಂತು ಕೂಗಿದವಳು ಇವಳೇ. ಗುಲಾಮರನ್ನು ಬಿಡಬೇಕಾದದ್ದಕ್ಕೆ ಪರಿಹಾರವೆಂದು ಕೊಟ್ಟ 2 ಕೋಟಿ ಪೌಂಡ್ ಹೋದದ್ದು ಯಜಮಾನರಿಗೆ. ಅಮ್ಮ ಇದನ್ನು ನಂಬಲಿಲ್ಲ. ನಾನು ತಪ್ಪಾಗಿ ಓದಿದೆ ಎಂದೇ ಇವತ್ತಿಗೂ ಅವಳ ವಾದ.

ಹ್ಯಾರಿಯೆಟ್ ಜೇಕಬ್ಸ್‌ಳನ್ನು ಸೇರಿಸಬೇಕಿತ್ತು; ಅಜ್ಜಿಯ ಮನೆಯ ಅಟ್ಟದಲ್ಲಿ ಹೆಚ್ಚುಕಡಿಮೆ ಏಳು ವರ್ಷ ಅಡಗಿ ಕುಳಿತವಳು. ಅಷ್ಟರಲ್ಲಿ ಅಮ್ಮನಿಗೆ ಹೊಸ ಕನ್ನಡಕ ಬಂತು.

ಈಗ ಯಾರಾದರೂ ಕೇಳಿದರೆ ಮೇರಿ ಪ್ರಿನ್ಸ್ ಎನ್ನುತ್ತೇನೆ. ಮುನ್ನುಡಿ ದಾಟಿ ನೇರ ಕಥೆಗೆ ಹೋಗಿ, ಒಂದು ಸಂಜೆ ಸಾಕು. ಆಂಟಿಗಾದಲ್ಲಿ ಉಳಿದ ಗಂಡ ಡೇನಿಯಲ್‌ನನ್ನು ಅವಳು ಮತ್ತೆ ಕಂಡಳೇ ಎಂದು ಅಮ್ಮ ಕೇಳಿದಳು. 1833ರ ಆ ಸಾಕ್ಷಿಕಟ್ಟೆಯಿಂದಾಚೆಗೆ ಅವಳು ಯಾವ ದಾಖಲೆಯಲ್ಲೂ ಇಲ್ಲ ಎಂದೆ. ಸ್ವಲ್ಪ ಹೊತ್ತು ಬಿಟ್ಟು, “ಆ ಲೋಟದವನಿಗಾದರೂ ಮದುವೆಯಾಯಿತೇ?” ಎಂದಳು. ಆಯಿತು, 1792ರಲ್ಲಿ, ಕೇಂಬ್ರಿಜ್‌ಷೈರ್‌ನ ಸೋಹಂ ಎಂಬ ಊರಿನಲ್ಲಿ.